ಕಂಕನಾಡಿಯ ಆಲದ ನೆರಳು

ರೋಗಿಗಳನ್ನು ಕರೆದುಕೊಂಡು ಮುತ್ತಿನಕೊಪ್ಪ, ಕೊಪ್ಪ, ಶೃಂಗೇರಿಗಳ ಕಡೆಯಿಂದ ಘಟ್ಟವಿಳಿದು ಮಂಗಳೂರಿಗೆ ಬರುವ ಮಲೆನಾಡಿಗರಿಗೆ ಕಂಕನಾಡಿಯ ಹೆಸರು ಹೊಸದಲ್ಲ. ಅಲ್ಲಿಯ ದೊಡ್ಡ ಆಸ್ಪತ್ರೆಗೆ ಹೆಸರಾಗಿ ಉಳಿದಿರುವ ಫಾದರ್ ಆಗಸ್ಟಸ್ ಮುಲ್ಲರ್ ಅವರ ಬಾಳನ್ನು ಬಲ್ಲವರು ಮಾತ್ರ ವಿರಳ.

ಮುಲ್ಲರ್ ಅವರು ಹುಟ್ಟಿದ್ದು 1841ರಲ್ಲಿ, ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ. ಯೇಸುಸಭೆಯ ಪಾದ್ರಿಯಾಗಿ 1878ರ ಕೊನೆಯಲ್ಲಿ ಮಂಗಳೂರಿಗೆ ಬಂದರು. ಹೋಮಿಯೋಪಥಿಯಲ್ಲಿ ಅವರಿಗೆ ದೃಢವಾದ ನಂಬಿಕೆಯಿತ್ತು. 1880ರಲ್ಲಿ ಔಷಧದ ಪೆಟ್ಟಿಗೆಯೊಂದನ್ನು ಇರಿಸಿಕೊಂಡು, ಕಂಕನಾಡಿಯ ಆಲದ ಮರದಡಿ ಬಡವರಿಗೆ ಮದ್ದು ಕೊಡತೊಡಗಿದರು. ಆ ಚಿಕಿತ್ಸಾಪದ್ಧತಿಯ ಗುಣಾವಗುಣಗಳನ್ನು ಕುರಿತ ವಾದ ಇಂದಿಗೂ ಮುಗಿದಿಲ್ಲ. ಆದರೆ ಮರದಡಿಗೆ ಬಂದವನನ್ನು ಕುಳ್ಳಿರಿಸಿ, ಅವನ ನೋವನ್ನು ಕೇಳಿ, ನಾಳೆಯೂ ಬಾ ಎಂದು ಕಳುಹಿದ ಆ ರೀತಿಯ ವಿಷಯದಲ್ಲಿ ವಾದಕ್ಕೆ ಎಡೆಯಿಲ್ಲ.

ಕರುಣೆಯೆಂದರೆ ಮನಸ್ಸು ಒಮ್ಮೆ ಕರಗುವುದು ಮಾತ್ರವೆಂದು ನಾವು ಭಾವಿಸುತ್ತೇವೆ. ಕರಗಿದ ಮನಸ್ಸು ಮರುದಿನ ಗಟ್ಟಿಯಾಗುವುದೂ ಉಂಟು. ಮುಲ್ಲರ್ ಅವರು ತಮ್ಮ ಕರುಣೆಯನ್ನು ಲೆಕ್ಕದ ಪುಸ್ತಕಕ್ಕೆ ಇಳಿಸಿದರು. ಹಣ ಕೊಡಬಲ್ಲವರಿಗೆ, ದೂರದ ಊರುಗಳವರಿಗೂ, ಔಷಧಗಳನ್ನು ಮಾರಿದರು. ಬಂದ ಹಣದಲ್ಲಿ ಬಡವರ ಚಿಕಿತ್ಸೆ ನಡೆಯಿತು. ಹೀಗೆ ಒಬ್ಬರು ತೆತ್ತ ಬೆಲೆ ಮತ್ತೊಬ್ಬರಿಗೆ ಅನ್ನವಾಯಿತು, ಮದ್ದಾಯಿತು.

1890ರಲ್ಲಿ ಅವರು ಕುಷ್ಠರೋಗಿಗಳಿಗಾಗಿ ಆಶ್ರಯಧಾಮವನ್ನು ತೆರೆದರು. ಅದಕ್ಕೆ ಹಿಂದಿನ ವರ್ಷವಷ್ಟೇ ದೂರದ ಮೊಲೊಕಾಯ್ ದ್ವೀಪದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿ ತಾವೂ ರೋಗ ತಗುಲಿಸಿಕೊಂಡ ಫಾದರ್ ಡೇಮಿಯನ್ ತೀರಿಕೊಂಡಿದ್ದರು. ಆ ರೋಗಕ್ಕೆ ಆಗ ಖಚಿತವಾದ ಮದ್ದಿರಲಿಲ್ಲ. ಮನೆಯವರೇ ಹೊರಗಟ್ಟುತ್ತಿದ್ದ ಕಾಲ ಅದು. ಗುಣಪಡಿಸಲಾಗದವನಿಗೆ ಏನನ್ನು ಕೊಡಬಹುದು? ಒಂದು ಸೂರು, ಹುಣ್ಣಿಗೆ ಶುಭ್ರವಾದ ಬಟ್ಟೆ, ಹೊತ್ತಿಗೆ ಊಟ, ಹೆಸರು ಹಿಡಿದು ಕರೆಯುವ ಒಂದು ದನಿ. ಹಸಿದವನಲ್ಲಿಯೂ ರೋಗಿಯಲ್ಲಿಯೂ ಕ್ರಿಸ್ತನನ್ನೇ ಕಾಣಬೇಕೆಂಬ ಬೋಧೆಗೆ ಇದಕ್ಕಿಂತ ನೇರವಾದ ಭಾಷ್ಯ ಬೇಕಿಲ್ಲ.

1895ರಲ್ಲಿ ಆಸ್ಪತ್ರೆ ಮೂಡಿತು. 1902ರಲ್ಲಿ ಪ್ಲೇಗು ಕಾಡಿದಾಗ ಅದರ ರೋಗಿಗಳಿಗೂ ಪ್ರತ್ಯೇಕ ಆಸ್ಪತ್ರೆಯಾಯಿತು. 1910ರ ನವೆಂಬರ್ 1ರಂದು, ಸರ್ವ ಸಂತರ ಹಬ್ಬದ ದಿನ, ಮುಲ್ಲರ್ ಅವರು ಕಣ್ಮುಚ್ಚಿದರು. ಆಲದಡಿಯ ಆರಂಭಕ್ಕೆ ಆಗ ಮೂವತ್ತು ವರ್ಷ ತುಂಬಿತ್ತು.

1999ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜೂ ಆರಂಭವಾಯಿತು. ಪೆಟ್ಟಿಗೆಯಿದ್ದಲ್ಲಿ ಇಂದು ಮಹಡಿಗಳೆದ್ದಿವೆ. ಆದರೂ ಅವರ ಬಾಳು ನಮ್ಮನ್ನು ಕೇಳುವ ಪ್ರಶ್ನೆ ಕಟ್ಟಡದ್ದಲ್ಲ. ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ನಾಳೆಯೂ ಅದೇ ಹೊತ್ತಿಗೆ, ಅದೇ ಮುಖದಿಂದ, ಅದೇ ಬಾಗಿಲನ್ನು ತೆರೆಯಬಲ್ಲೆವೇ?