ಏಷ್ಯನ್ ಗೇಮ್ಸ್ ಹುಟ್ಟುಹಾಕಿದ ಸೋಂಧಿ

ದೆಹಲಿ ಕನ್ನಡಿಗರಲ್ಲಿ ಏಷ್ಯಾಡ್ ಎಂದರೆ 1982ರ ಮಾತೇ ಮೊದಲು ಬರುತ್ತದೆ. ಅಪ್ಪು ಆನೆ, ಖೇಲ್ ಗಾಂವ್, ಹೊಸ ಫ್ಲೈಓವರ್‌ಗಳು. ಅದಕ್ಕೂ 31 ವರ್ಷ ಮೊದಲು, ಮೊಟ್ಟಮೊದಲ ಏಷ್ಯನ್ ಗೇಮ್ಸ್ ನಡೆದದ್ದೂ ಇಲ್ಲೇ, ಇಂಡಿಯಾ ಗೇಟ್ ಬಳಿಯ ನ್ಯಾಷನಲ್ ಸ್ಟೇಡಿಯಂನಲ್ಲಿ. ಅದರ ಕನಸು ಕಂಡವರು ಗುರುದತ್ತ ಸೋಂಧಿ. ಗುರುದತ್ ಎಂದ ಕೂಡಲೇ ನಮಗೆಲ್ಲ ಬೆಂಗಳೂರಿನಲ್ಲಿ ಹುಟ್ಟಿದ ಸಿನಿಮಾ ನಿರ್ದೇಶಕರೇ ನೆನಪಾಗುತ್ತಾರೆ. ಈ ಗುರುದತ್ತರನ್ನು ಮಾತ್ರ ನಾವು ಮರೆತೇಬಿಟ್ಟಿದ್ದೇವೆ.

1890ರಲ್ಲಿ ಹುಟ್ಟಿದ ಸೋಂಧಿ ಲಾಹೋರ್ ಮತ್ತು ಕೇಂಬ್ರಿಜ್‌ನಲ್ಲಿ ಓದಿದರು. ಮುಂದೆ ಲಾಹೋರಿನ ಗವರ್ನಮೆಂಟ್ ಕಾಲೇಜಿನಲ್ಲಿ ಮೇಷ್ಟ್ರಾಗಿ, ಪ್ರಿನ್ಸಿಪಾಲರೂ ಆದರು. ನಾಟಕದ ಹುಚ್ಚೂ ಇತ್ತು, ಓಟದ ಹುಚ್ಚೂ ಇತ್ತು. 1932ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಚಿನ್ನ ಗೆದ್ದ ನಮ್ಮ ಹಾಕಿ ತಂಡಕ್ಕೆ ಅವರೇ ಮ್ಯಾನೇಜರ್. ಅದೇ ವರ್ಷ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು. 1934ರಲ್ಲಿ ದೆಹಲಿ ಮತ್ತು ಪಟಿಯಾಲದಲ್ಲಿ ಪಶ್ಚಿಮ ಏಷ್ಯಾ ಕ್ರೀಡಾಕೂಟ ನಡೆಸಿದರು. ಭಾರತದ ಜೊತೆ ಅಫ್ಘಾನಿಸ್ತಾನ, ಸಿಲೋನ್, ಪ್ಯಾಲೆಸ್ಟೈನ್ ಬಂದವು. ಮುಂದಿನ ಕೂಟ 1938ರಲ್ಲಿ ಪ್ಯಾಲೆಸ್ಟೈನ್‌ನಲ್ಲಿ ಆಗಬೇಕಿತ್ತು, ಆಗಲಿಲ್ಲ.

ಆದರೂ ಅವರು ಬಿಡಲಿಲ್ಲ. 1947ರಲ್ಲಿ ದೆಹಲಿಯ ಪುರಾನಾ ಕಿಲಾದಲ್ಲಿ ಏಷ್ಯಾ ದೇಶಗಳ ಸಮ್ಮೇಳನ ಸೇರಿದಾಗ ಈ ವಿಚಾರ ಮುಂದಿಟ್ಟರು. 1948ರ ಲಂಡನ್ ಒಲಿಂಪಿಕ್ಸ್ ವೇಳೆ ಏಷ್ಯಾದ ಪ್ರತಿನಿಧಿಗಳನ್ನು ಕೂಡಿಸಿ ಒಪ್ಪಿಸಿದರು. 1950ಕ್ಕೆಂದು ಗೊತ್ತುಮಾಡಿದ್ದ ಕೂಟ ಒಂದು ವರ್ಷ ಮುಂದೆ ಹೋಯಿತು. ಹಣಕ್ಕೆ ಪರದಾಟ. ನಡೆಸುವ ಹೊಣೆ ಆಂಥನಿ ಡಿ ಮೆಲ್ಲೊ ಅವರ ಹೆಗಲಿಗೆ ಬಿತ್ತು.

ಕೊನೆಗೂ 1951ರ ಮಾರ್ಚ್ 4ರಂದು ಕೂಟ ಶುರುವಾಯಿತು. ಕೆಂಪುಕೋಟೆಯಲ್ಲಿ ಸೂರ್ಯನ ಕಿರಣದಿಂದ ಜ್ಯೋತಿ ಹಚ್ಚಿ ತಂದರು. 11 ದೇಶಗಳ ಕ್ರೀಡಾಪಟುಗಳು ಬಂದಿದ್ದರು. ಲಂಡನ್ನಿಗೆ ಕರೆಯಿಲ್ಲದಿದ್ದ ಜಪಾನ್ ಇಲ್ಲಿಗೆ ಬಂದು 24 ಚಿನ್ನ ಗೆದ್ದಿತು, ನಮಗೆ 15. ಪಾಕಿಸ್ತಾನ ಬರಲಿಲ್ಲ. ಬದುಕಿನ ಬಹುಭಾಗವನ್ನು ಲಾಹೋರಿನಲ್ಲಿ ಕಳೆದ ಮೇಷ್ಟ್ರಿಗೆ ಅದೆಷ್ಟು ನೋವಾಗಿರಬೇಡ! ಫುಟ್‌ಬಾಲ್ ಚಿನ್ನ ಗೆದ್ದ ನಮ್ಮ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಮಹಿಳೆಯರೂ ಓಡಿದರು. ರೋಶನ್ ಮಿಸ್ತ್ರಿ 100 ಮೀಟರಿನಲ್ಲಿ ಬೆಳ್ಳಿ, ಮೇರಿ ಡಿಸೋಜಾ 200 ಮೀಟರಿನಲ್ಲಿ ಕಂಚು, ರಿಲೇಯಲ್ಲೂ ಬೆಳ್ಳಿ. ಮೇರಿ ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲೂ ಓಡಿದರು. ಇಂದು ನಮ್ಮ ಹೆಣ್ಣುಮಕ್ಕಳು ಏಷ್ಯಾಡ್‌ನಲ್ಲಿ ಗೆದ್ದಾಗ ವಾಟ್ಸಾಪಿನಲ್ಲಿ ಚಪ್ಪಾಳೆ ಕಳಿಸುವ ನಾವು ಈ ಹೆಸರುಗಳನ್ನೂ ತಿಳಿದಿರಬೇಡವೇ?

ಆದರೆ ಸೋಂಧಿಯವರ ಬಗ್ಗೆ ಬರೆಯಬೇಕು ಎನ್ನಿಸಿದ್ದು 1962ರ ಜಕಾರ್ತಾ ಕತೆ ಓದಿದ ಮೇಲೆ. ಆತಿಥೇಯ ಇಂಡೋನೇಷ್ಯಾ, ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳನ್ನು ಒಳಗೆ ಬಿಡಲಿಲ್ಲ. ಸದಸ್ಯ ದೇಶಗಳನ್ನು ಹೊರಗಿಟ್ಟ ಮೇಲೆ ಇದಕ್ಕೆ ಏಷ್ಯನ್ ಗೇಮ್ಸ್ ಎಂಬ ಹೆಸರು ಸಲ್ಲದು ಎಂದು ಸೋಂಧಿ ಪಟ್ಟು ಹಿಡಿದರು. ತಾವೇ ಹೆತ್ತ ಕೂಸು! ಅದರ ಹೆಸರನ್ನೇ ತೆಗೆಯಿರಿ ಎನ್ನುವುದು ಸುಲಭವಲ್ಲ. ಊರು ಹೊತ್ತಿ ಉರಿಯಿತು. ಉದ್ರಿಕ್ತ ಗುಂಪು ಭಾರತದ ರಾಯಭಾರ ಕಚೇರಿಗೆ ನುಗ್ಗಿತು, 70 ದಾಟಿದ ಸೋಂಧಿ ಜಕಾರ್ತಾ ಬಿಡಬೇಕಾಯಿತು.

ಅವರು ಹೊರಟುಹೋದರು, ನಮ್ಮ ಹುಡುಗರು ಅಲ್ಲೇ ಉಳಿದಿದ್ದರು. ಮರುದಿನ ಫುಟ್‌ಬಾಲ್ ಫೈನಲ್. ತುಂಬಿದ ಕ್ರೀಡಾಂಗಣ ಚುನಿ ಗೋಸ್ವಾಮಿಯವರ ತಂಡವನ್ನು ಆಟದುದ್ದಕ್ಕೂ ಹೀಯಾಳಿಸಿತು. ತಲೆಗೆ ಪೆಟ್ಟಾಗಿದ್ದ ಜರ್ನೈಲ್ ಸಿಂಗ್ ಒಂದು, ಪಿ.ಕೆ. ಬ್ಯಾನರ್ಜಿ ಒಂದು ಗೋಲು ಹೊಡೆದು ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿದರು. ನಮಗಾಗಿ ಕೂಗಿದವರು ಪಾಕಿಸ್ತಾನದ ಹಾಕಿ ಆಟಗಾರರು ಎಂದು ಆ ತಂಡದವರು ನೆನೆಯುತ್ತಿದ್ದರು. ಮಕ್ಕಳ ಆಟ ಮುಗಿಯುವವರೆಗಾದರೂ ಸೋಂಧಿ ತಡೆಯಬಹುದಿತ್ತೇ? ತಾಯಿಯಾಗಿ ನನಗೆ ಹಾಗನ್ನಿಸುತ್ತದೆ. ಆದರೆ ಆಟವೆಲ್ಲ ಮುಗಿದ ಮೇಲೆ ಹೇಳಿದ ಮಾತಿಗೆ ಏನು ಬೆಲೆ ಇರುತ್ತಿತ್ತು?

ಮುಂದಿನ ವರ್ಷ ಒಲಿಂಪಿಕ್ ಸಮಿತಿ ಇಂಡೋನೇಷ್ಯಾವನ್ನು ಅಮಾನತು ಮಾಡಿತು. ಜಕಾರ್ತಾ ಕೂಟದ ಹೆಸರೇನೋ ಬದಲಾಗಲಿಲ್ಲ, ದಾಖಲೆಗಳಲ್ಲಿ ಅದು ನಾಲ್ಕನೆಯ ಏಷ್ಯನ್ ಗೇಮ್ಸ್ ಆಗಿಯೇ ಇದೆ. ಸೋಂಧಿ 1966ರ ನವೆಂಬರ್‌ನಲ್ಲಿ ಹಿಮಾಚಲದ ಸುಬಾಥುವಿನಲ್ಲಿ ತೀರಿಕೊಂಡರು. ಡಿಸೆಂಬರ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಐದನೆಯ ಕೂಟ ನಡೆಯಿತು. ಇಸ್ರೇಲ್, ತೈವಾನ್ ಎರಡೂ ಬಂದಿದ್ದವು.