ನೊಳಂಬಕುಲಾಂತಕ ಮಾರಸಿಂಹ: ಒಂದು ಯುಗಾಂತ್ಯದ ಬದುಕು

ತಮಿಳುನಾಡಿನ ಧರ್ಮಪುರಿಗೆ ಹಳೆಯ ಹೆಸರು ತಗಡೂರು. ಸಂಗಮ ಕಾಲದ ತಮಿಳು ಕಾವ್ಯಗಳಲ್ಲಿ ಅದು ಅದಿಯಮಾನ್ ಅರಸರ ನೆಲೆ. ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅದು ನೊಳಂಬರ ಕೈಯಲ್ಲಿತ್ತು. ಶಕ 815, ಅಂದರೆ ಕ್ರಿ.ಶ. 893ರಲ್ಲಿ, ಮಹೇಂದ್ರ ನೊಳಂಬನ ಆಳ್ವಿಕೆಯಲ್ಲಿ ಅಲ್ಲಿ ಕಂಬವೊಂದರ ಮೇಲೆ ಕೆತ್ತಿಸಿದ ಕನ್ನಡ ಶಾಸನವು ನಿಧಿಯಣ್ಣ, ಚಂದಿಯಣ್ಣ ಎಂಬ ಸೋದರರು ತಗಡೂರಿನಲ್ಲಿ ಕಟ್ಟಿಸಿದ ಬಸದಿಯನ್ನೂ ಅದಕ್ಕೆ ಸಂದ ಊರಿನ ದಾನವನ್ನೂ ದಾಖಲಿಸಿದೆ. ಧರ್ಮಪುರಿಯ ಕೋಟೆಗುಡಿಯ ಶಿಲ್ಪದಲ್ಲಿ ನೊಳಂಬರ ಕೈವಾಡ ಇಂದಿಗೂ ಕಾಣುತ್ತದೆ. 1965ರವರೆಗೆ ಸೇಲಂ ಜಿಲ್ಲೆಗೆ ಸೇರಿದ್ದ ಈ ಸೀಮೆಯಲ್ಲಿ ಕನ್ನಡ ಮಾತನಾಡುವ ಕುಟುಂಬಗಳು ಇಂದೂ ಇವೆ. ಕನ್ನಡ ಅರಸು ಮನೆತನವೊಂದು ಬಾಳಿದ ನೆಲ ಅದು. ಆ ಮನೆತನಕ್ಕೆ ಯಮನಾದೆನೆಂದು ಬಿರುದು ಹೊತ್ತವನು ತಲಕಾಡಿನ ಗಂಗ ದೊರೆ ಇಮ್ಮಡಿ ಮಾರಸಿಂಹ. ಅವನ ಬಾಳಿನ ಕೊನೆಯ ದಿನಗಳನ್ನು ಅರಿಯದೆ ಆ ಬಿರುದಿನ ಅರ್ಥ ಪೂರ್ಣವಾಗುವುದಿಲ್ಲ.

ಮಾರಸಿಂಹನು ಹುಟ್ಟಿದ ಮನೆ ನೆತ್ತರಿನ ಕಲೆ ಆರದ ಮನೆ. ಅವನ ತಂದೆ ಇಮ್ಮಡಿ ಬೂತುಗನು ಒಡಹುಟ್ಟಿದ ರಾಚಮಲ್ಲನನ್ನು ಕೊಂದು ಗಂಗ ಸಿಂಹಾಸನವನ್ನೇರಿದವನು. ಇದಕ್ಕೆ ಬೆಂಬಲವಾಗಿ ನಿಂತವನು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ. ಬೂತುಗನು ಕೃಷ್ಣನ ಸೋದರಿ ರೇವಕನಿಮ್ಮಡಿಯನ್ನು ಮದುವೆಯಾಗಿದ್ದನು. 949ರ ತಕ್ಕೋಲದ ಕಾಳಗದಲ್ಲಿ ಚೋಳ ಯುವರಾಜ ರಾಜಾದಿತ್ಯನನ್ನು ಕೆಡವಿ ಆ ಋಣವನ್ನು ತೀರಿಸಿದನು. ಮಂಡ್ಯ ಸೀಮೆಯ ಆತಕೂರು ಶಾಸನ ಈ ಎರಡು ಸಂಗತಿಗಳನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಗಂಗರ ಪಾಲಿಗೆ ನೊಳಂಬರೂ ಹೊರಗಿನವರಾಗಿರಲಿಲ್ಲ. ತಗಡೂರಿನ ಶಾಸನ ನೆನೆಯುವ ಮಹೇಂದ್ರನ ತಾಯಿ ಗಂಗ ಮನೆತನದ ಮಗಳು. ಎರಡು ಮನೆಗಳ ನಡುವೆ ಹೆಣ್ಣು ಕೊಟ್ಟು ತಂದ ಸಂಬಂಧವಿತ್ತು. ಗಡಿಯ ಊರುಗಳಿಗಾಗಿ ತಲೆಮಾರುಗಳ ಹಗೆಯೂ ಇತ್ತು.

ಸುಮಾರು 963ರಲ್ಲಿ ಮಾರಸಿಂಹನು ಪಟ್ಟಕ್ಕೆ ಬಂದನು. ಆ ಕಾಲದ ಕೂಡ್ಲೂರು ತಾಮ್ರಶಾಸನವು ವಾದಿಘಂಘಲಭಟ್ಟನೆಂಬ ಜೈನ ವಿದ್ವಾಂಸನಿಗೆ ಅವನು ಕೊಟ್ಟ ಊರಿನ ದಾನವನ್ನು ತಿಳಿಸುತ್ತದೆ. ಶಾಸ್ತ್ರವನ್ನು ಬಲ್ಲವರ ಮುಂದೆ ತಲೆಬಾಗುವ ಗುಣ ಅವನಲ್ಲಿ ಮೊದಲಿನಿಂದಲೂ ಇತ್ತೆಂಬುದಕ್ಕೆ ಇದೊಂದು ಸಾಕ್ಷಿ. ಆದರೆ ಅವನ ಹೆಚ್ಚಿನ ದಿನಗಳು ಕಳೆದದ್ದು ರಣದಲ್ಲಿ. ಕೃಷ್ಣನ ಪರವಾಗಿ ಉತ್ತರದ ದಂಡಯಾತ್ರೆಯಲ್ಲಿ ಗೆದ್ದನು. ವಜ್ಜಳನೆಂಬ ಎದುರಾಳಿಯನ್ನು ಓಡಿಸಿದನು. ದುರ್ಗಮವೆಂದು ಹೆಸರಾದ ಉಚ್ಚಂಗಿಯ ಕೋಟೆಯನ್ನು ಹಿಡಿದನು. ಗಂಗ ವಿದ್ಯಾಧರ, ಗುತ್ತಿಯ ಗಂಗ, ಮಂಡಲಿಕ ತ್ರಿಣೇತ್ರ ಎಂದು ಬಿರುದುಗಳು ಒಂದರ ಮೇಲೊಂದು ಬಂದವು. ಅವುಗಳಲ್ಲಿ ಜನರ ನೆನಪಿನಲ್ಲಿ ಉಳಿದದ್ದು ನೊಳಂಬಕುಲಾಂತಕ ಎಂಬುದು. ಹೆಂಜೇರಿನಿಂದ ತಗಡೂರಿನವರೆಗೆ ಹರಡಿದ್ದ ನೊಳಂಬರ ಬಲವನ್ನು ಅವನು ಮುರಿದನು. ಜಿನಭಕ್ತನಾದ ಅರಸನು, ಹಿಂದೊಮ್ಮೆ ಜಿನಾಲಯಕ್ಕೆ ದಾನವಿತ್ತ ಬಂಧುಕುಲವನ್ನೇ ಅಳಿಸಿದೆನೆಂದು ಹೆಮ್ಮೆಪಟ್ಟದ್ದು ಚರಿತ್ರೆಯ ಕಹಿಯಾದ ಸತ್ಯ.

ಮಾರಸಿಂಹನು ಗೆಲ್ಲುತ್ತಿದ್ದ ಅದೇ ವರ್ಷಗಳಲ್ಲಿ ಅವನು ನಿಂತ ನೆಲವೇ ಕುಸಿಯುತ್ತಿತ್ತು. 967ರಲ್ಲಿ ಕೃಷ್ಣನು ತೀರಿಕೊಂಡನು. ಅವನ ತಮ್ಮ ಖೊಟ್ಟಿಗನ ಕಾಲದಲ್ಲಿ, 972ರಲ್ಲಿ, ಮಾಳವದ ಪರಮಾರ ಸೀಯಕನು ಮಾನ್ಯಖೇಟಕ್ಕೆ ನುಗ್ಗಿ ಸೂರೆಮಾಡಿದನು. ಎರಡು ಶತಮಾನಗಳ ಚಕ್ರವರ್ತಿತ್ವದ ಸಿರಿ ಅಲ್ಲಿಗೆ ಬರಿದಾಯಿತು. ಮುಂದಿನ ವರ್ಷವೇ ಸಾಮಂತನಾಗಿದ್ದ ಚಾಲುಕ್ಯ ತೈಲಪನು ಎರಡನೆಯ ಕರ್ಕನನ್ನು ಉರುಳಿಸಿ ಹೊಸ ರಾಜ್ಯವನ್ನು ಕಟ್ಟಿದನು. ಹೆಚ್ಚಿನ ಸಾಮಂತರು ಗೆದ್ದವನ ಕಡೆಗೆ ತಿರುಗಿದರು. ಮಾರಸಿಂಹನು ತಿರುಗಲಿಲ್ಲ. ಕೃಷ್ಣನ ಮೊಮ್ಮಗನೂ ತನ್ನ ಸೋದರಳಿಯನೂ ಆದ ನಾಲ್ಕನೆಯ ಇಂದ್ರನಿಗೆ ಪಟ್ಟಕಟ್ಟಿ ರಾಷ್ಟ್ರಕೂಟರ ಹೆಸರನ್ನು ಉಳಿಸಲು ಹೆಣಗಿದನು. ಆ ಹೆಣಗಾಟ ಫಲಿಸಲಿಲ್ಲ.

ಇಲ್ಲಿ ಬಹುದೂರದ ಒಂದು ಪುರಾಣ ನೆನಪಿಗೆ ಬರುತ್ತದೆ. ಯುರೋಪಿನ ಉತ್ತರ ತುದಿಯ ನಾರ್ಸ್ ಜನರು ಲೋಕದ ಅಂತ್ಯವನ್ನು ರಗ್ನರೋಕ್ ಎಂದು ಕರೆದರು. ದೇವತೆಗಳ ಕೊನೆಯ ಗತಿ ಎಂಬುದು ಅದರ ತಾತ್ಪರ್ಯ. ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಹದಿಮೂರನೆಯ ಶತಮಾನದಲ್ಲಿ ಈ ಕಥೆಯನ್ನು ಗದ್ಯದಲ್ಲಿ ಹೇಳಿದನು. ಅದಕ್ಕೆ ಆಧಾರವಾದ ವೋಲುಸ್ಪಾ ಎಂಬ ಹಾಡನ್ನು ವಿದ್ವಾಂಸರು ಸಾಮಾನ್ಯವಾಗಿ ಹತ್ತನೆಯ ಶತಮಾನದ ಕೊನೆಯ ಭಾಗಕ್ಕೆ ಸೇರಿಸುತ್ತಾರೆ. ಎಂದರೆ, ಮಾನ್ಯಖೇಟ ಉರಿದ ತಲೆಮಾರಿನಲ್ಲೇ ಇನ್ನೊಂದು ಮೂಲೆಯ ಕವಿಯೂ ತನ್ನ ಲೋಕದ ಮುಗಿತಾಯವನ್ನು ಕಂಡಿದ್ದನೆನ್ನಬಹುದು. ಆ ಕಥೆಯಲ್ಲಿ ಲೋಕವು ಮೊದಲು ಮುರಿಯುವುದು ಮನೆಯೊಳಗೆ: ಒಡಹುಟ್ಟಿದವರು ಒಬ್ಬರನ್ನೊಬ್ಬರು ಕೊಲ್ಲುತ್ತಾರೆ, ನಂಟರು ನಂಟನ್ನು ಮರೆಯುತ್ತಾರೆ. ನಡುವೆ ಬೇಸಗೆಯೇ ಇಲ್ಲದೆ ಮೂರು ಚಳಿಗಾಲ ಕಳೆಯುತ್ತವೆ. ತೋಳವು ಸೂರ್ಯನನ್ನು ನುಂಗುತ್ತದೆ. ದೇವತೆಗಳ ಒಡೆಯ ಓಡಿನ್ ಫೆನ್ರಿರ್ ಎಂಬ ತೋಳದ ಬಾಯಿಗೆ ಬೀಳುತ್ತಾನೆ. ಸಿಡಿಲಿನ ದೇವತೆ ಥೋರ್ ಮಹಾಸರ್ಪವನ್ನು ಕೊಂದು, ಅದರ ವಿಷದಿಂದ ಒಂಬತ್ತು ಹೆಜ್ಜೆ ಇಟ್ಟು ಒರಗುತ್ತಾನೆ. ಕೊನೆಗೆ ಬೆಂಕಿ ಎಲ್ಲವನ್ನೂ ಆವರಿಸಿ ಭೂಮಿ ಕಡಲಿನಲ್ಲಿ ಮುಳುಗುತ್ತದೆ.

ಆ ಪುರಾಣದ ಹಿರಿಮೆ ಭಯದ ವರ್ಣನೆಯಲ್ಲಿಲ್ಲ. ಓಡಿನ್‌ಗೆ ಈ ಅಂತ್ಯ ಮೊದಲೇ ಗೊತ್ತು. ಕಾಲವನ್ನು ಕಂಡ ಮಾತೃಕೆಯೊಬ್ಬಳು ಅವನಿಗೆ ಎಲ್ಲವನ್ನೂ ಹೇಳಿರುತ್ತಾಳೆ. ಗೆಲುವಿಲ್ಲವೆಂದು ಬಲ್ಲ ದೇವತೆಗಳು ಆದರೂ ಎದ್ದು ರಣಕ್ಕೆ ಹೋಗುತ್ತಾರೆ. ಅಂತ್ಯವನ್ನು ತಪ್ಪಿಸುವುದು ಅವರ ಕೈಯಲ್ಲಿಲ್ಲ. ಅದನ್ನು ಎದುರಿಸುವ ಬಗೆ ಮಾತ್ರ ಅವರ ಕೈಯಲ್ಲಿದೆ. ಅದೇ ಆ ಕಥೆಯ ಅಧ್ಯಾತ್ಮ.

ಮಾರಸಿಂಹನು ನಂಬಿದ ಜೈನ ಧರ್ಮವೂ ಲೋಕದ ಇಳಿಗಾಲವನ್ನು ಬಲ್ಲದು. ಅವಸರ್ಪಿಣಿಯ ಆರು ಕಾಲಗಳಲ್ಲಿ ಆಯುಸ್ಸು, ಎತ್ತರ, ಧರ್ಮ ಎಲ್ಲವೂ ಕುಗ್ಗುತ್ತಾ ಬರುತ್ತವೆ. ಐದನೆಯ ಮತ್ತು ಆರನೆಯ ಕಾಲಗಳು ತಲಾ 21,000 ವರ್ಷಗಳು. ಆರನೆಯದರ ಕೊನೆಗೆ ಬಿರುಗಾಳಿ, ವಿಷ, ಬೆಂಕಿಗಳ ಮಳೆ ಸುರಿದು ನೆಲ ಹಾಳಾಗುತ್ತದೆ. ಗುಹೆಗಳಲ್ಲಿ ಅಡಗಿದ ಕೆಲವು ಜೋಡಿಗಳು ಮಾತ್ರ ಉಳಿಯುತ್ತವೆ. ಮತ್ತೆ ತಂಪಾದ ಮಳೆ ಬಂದು ಉತ್ಸರ್ಪಿಣಿಯ ಏರುಗಾಲ ಮೊದಲಾಗುತ್ತದೆ. ನಾರ್ಸ್ ಕಥೆಯಲ್ಲೂ ಲೀಫ್, ಲೀಫ್‌ಥ್ರಾಸಿರ್ ಎಂಬ ಗಂಡು ಹೆಣ್ಣು ಕಾಡಿನಲ್ಲಿ ಅಡಗಿ ಉಳಿಯುತ್ತಾರೆ, ಕಡಲಿನಿಂದ ಹಸಿರು ನೆಲ ಮೇಲೇಳುತ್ತದೆ. ಎರಡು ಜನಾಂಗಗಳು ಒಂದನ್ನೊಂದು ಅರಿಯದೆ ಒಂದೇ ಭರವಸೆಯನ್ನು ಕಂಡಿವೆ. ಬೇರ್ಪಡುವುದು ಒಂದು ಮುಖ್ಯ ಸಂಗತಿಯಲ್ಲಿ: ಉತ್ತರದ ದೇವತೆಗಳಿಗೆ ಶತ್ರು ಹೊರಗಿದ್ದಾನೆ, ಜೈನ ಸಾಧಕನಿಗೆ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳೇ ಶತ್ರುಗಳು.

ಮಾರಸಿಂಹನ ಬಾಳು ಈ ಎರಡು ದಾರಿಗಳನ್ನೂ ನಡೆಯಿತು. ರಾಷ್ಟ್ರಕೂಟರ ಪಕ್ಷ ಸೋಲುವುದು ನಿಚ್ಚಳವಾದ ಮೇಲೂ ಅವನು ಇಂದ್ರನ ಪರವಾಗಿ ನಿಂತನು. ಇದು ಓಡಿನ್‌ನ ದಾರಿ. ಕತ್ತಿಯಿಂದ ಆಗುವುದು ಮುಗಿಯಿತೆಂದಾಗ ಅವನು ಕತ್ತಿಯನ್ನೇ ಕೆಳಗಿಟ್ಟನು. 974ರ ಸುಮಾರಿಗೆ ರಾಜ್ಯವನ್ನು ತ್ಯಜಿಸಿ, ಇಂದಿನ ಹಾವೇರಿ ಜಿಲ್ಲೆಯ ಬಂಕಾಪುರಕ್ಕೆ ಹೋಗಿ, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತವನ್ನು ತೊಟ್ಟನು. ಅನ್ನನೀರುಗಳನ್ನು ಬಿಟ್ಟು ಮೂರು ದಿನ ಕಳೆದು ಸಮಾಧಿಯನ್ನು ಹೊಂದಿದನು. ಕುಲವೊಂದಕ್ಕೆ ಅಂತಕನೆನಿಸಿಕೊಂಡವನು ತನ್ನ ಅಂತ್ಯವನ್ನು ಎಚ್ಚರದಿಂದ ಬರಮಾಡಿಕೊಂಡನು. ಬೇರೆಯವರಿಗೆ ತಂದ ಸಾವಿನ ಲೆಕ್ಕ ಆ ಮೂರು ದಿನಗಳಲ್ಲಿ ತೀರಿತೇ ಎಂಬುದನ್ನು ಶಾಸನ ಹೇಳುವುದಿಲ್ಲ. ಗೆದ್ದ ನಾಡುಗಳ ಉದ್ದನೆಯ ಪಟ್ಟಿಯ ಕೊನೆಗೆ ಅದು ಈ ತ್ಯಾಗವನ್ನು ಇಟ್ಟಿದೆ. ಆ ಜೋಡಣೆಯನ್ನು ಓದುಗನು ಗಮನಿಸಬೇಕು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಕೂಗೆ ಬ್ರಹ್ಮದೇವ ಸ್ತಂಭವೆಂದು ಹೆಸರಾದ ಕಂಬದ ಮೇಲೆ ಆ ಬರಹ ಇಂದಿಗೂ ಇದೆ.

ಅನಂತರ ನಡೆದದ್ದೂ ಯುಗಾಂತ್ಯದ ಕಥೆಗೆ ಒಪ್ಪುತ್ತದೆ. ಅವನು ಪಟ್ಟಕಟ್ಟಿದ ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ವ್ರತದಿಂದ ದೇಹವನ್ನು ಬಿಟ್ಟನು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ತಲಕಾಡು ಚೋಳರ ವಶವಾಗಿ ಗಂಗರ ಅರಸುತನ ಮುಗಿಯಿತು. ತಗಡೂರಿನ ನಾಡೂ ಚೋಳರ ಪಾಲಾಯಿತು. ಅಂತಕನ ಕೈಗೆ ಸಿಕ್ಕಿದ ನೊಳಂಬರು ಮಾತ್ರ ಪೂರ್ತಿಯಾಗಿ ಅಳಿಯಲಿಲ್ಲ. ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಆ ಹೆಸರಿನವರು ಹನ್ನೊಂದನೆಯ ಶತಮಾನದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾರೆ. ಬಿರುದು ಸಾರಿದ್ದಕ್ಕಿಂತ ಬದುಕು ಗಟ್ಟಿಯಾಗಿತ್ತು.

ಬೂದಿಯಿಂದ ಎದ್ದ ಹಸಿರನ್ನೂ ಕನ್ನಡ ಕಂಡಿದೆ. ಮಾರಸಿಂಹನ ಮಂತ್ರಿಯಾಗಿದ್ದ ಚಾವುಂಡರಾಯನು ಅಜಿತಸೇನರ ಶಿಷ್ಯನೇ. ದೊರೆ ತೀರಿದ ಕೆಲವೇ ವರ್ಷಗಳಲ್ಲಿ, 978ರಲ್ಲಿ, ಅವನು ಅರವತ್ತಮೂರು ಶಲಾಕಾಪುರುಷರ ಚರಿತೆಯನ್ನು ಕನ್ನಡ ಗದ್ಯದಲ್ಲಿ ಬರೆದನು. ಬಳಿಕ ದೊಡ್ಡಬೆಟ್ಟದ ಬಂಡೆಯಿಂದ ಗೊಮ್ಮಟನನ್ನು ಎಬ್ಬಿಸಿದನು. ಗೆದ್ದ ಗಳಿಗೆಯಲ್ಲಿಯೇ ಗೆಲುವನ್ನು ಬಿಟ್ಟು ನಿಂತ ಬಾಹುಬಲಿಯ ಮೂರ್ತಿ ಅದು. ಅಣ್ಣತಮ್ಮಂದಿರ ಕಾಳಗ ಆ ಕಥೆಯಲ್ಲೂ ಇದೆ. ಆದರೆ ಎತ್ತಿದ ಕೈ ಅಲ್ಲಿ ಕೊಲ್ಲಲಿಲ್ಲ. ಒಡಹುಟ್ಟಿದವನ ರಕ್ತದಿಂದ ಪಡೆದ ಸಿಂಹಾಸನದ ಸೇವಕನೊಬ್ಬನು ಇಂಥ ಮೂರ್ತಿಯನ್ನು ಮಾಡಿಸಿದ್ದು ಆಕಸ್ಮಿಕವೆಂದು ಕಾಣುವುದಿಲ್ಲ. ಮೂರ್ತಿಯ ಕಾಲ ಬಳಿ ಅವನ ಹೆಸರು ಕನ್ನಡ, ತಮಿಳು, ಮರಾಠಿ ಮೂರು ಭಾಷೆಗಳಲ್ಲೂ ಇದೆ. ಅಜಿತಸೇನರ ಮತ್ತೊಬ್ಬ ಶಿಷ್ಯ, ಮುಧೋಳದ ರನ್ನ, ಚಾವುಂಡರಾಯನ ಆಶ್ರಯದಲ್ಲಿ ಬೆಳೆದನು. ಎಲ್ಲವನ್ನೂ ಕಳೆದುಕೊಂಡ ಮೇಲೂ ಛಲ ಬಿಡದ ದುರ್ಯೋಧನನನ್ನು ಅವನು ಗದಾಯುದ್ಧದಲ್ಲಿ ಚಿತ್ರಿಸಿದನು. ಯುಗವೊಂದು ಮುಗಿಯುವುದನ್ನು ಕಣ್ಣಾರೆ ಕಂಡ ತಲೆಮಾರಿನ ಕವಿ ಆತ. ಗದಾಯುದ್ಧವನ್ನು ಪಠ್ಯವಾಗಿ ಓದುವ ವಿದ್ಯಾರ್ಥಿಯು ಬಂಕಾಪುರದ ಆ ಮೂರು ದಿನಗಳನ್ನೂ ತಗಡೂರಿನ ಕಂಬವನ್ನೂ ಮನಸ್ಸಿನಲ್ಲಿಟ್ಟುಕೊಂಡರೆ, ವೈಶಂಪಾಯನ ಸರೋವರದ ದಡದಲ್ಲಿ ಒಂಟಿಯಾಗಿ ನಿಂತ ಅರಸನ ದುಃಖ ಇನ್ನಷ್ಟು ಹತ್ತಿರವಾಗುತ್ತದೆ.