ಬಾಯಿ ಬಿಡದ ನೂರ್, ಗುಟ್ಟು ಬಿಟ್ಟ ನೋಟ್‌ಬುಕ್

ನಮ್ಮ ಅರಂತೋಡಿನ ಮೂಲಕ ಸಾಗುವ ಹೆದ್ದಾರಿ ಮಡಿಕೇರಿ, ಮೈಸೂರು ದಾಟಿ ಶ್ರೀರಂಗಪಟ್ಟಣ ಮುಟ್ಟುತ್ತದೆ. ಅಲ್ಲಿ 1799ರಲ್ಲಿ ಬ್ರಿಟಿಷರೊಂದಿಗೆ ಹೋರಾಡುತ್ತ ಮಡಿದವನು ಟಿಪ್ಪು ಸುಲ್ತಾನ್. ಅವನ ವಂಶದ ಹೆಣ್ಣುಮಗಳೊಬ್ಬಳು ಮುಂದೆ ಅದೇ ಬ್ರಿಟಿಷರ ರಹಸ್ಯ ಸಂಪರ್ಕ ಜಾಲದಲ್ಲಿ ದುಡಿದು ಪ್ರಾಣ ಕೊಟ್ಟಳು. ಆಕೆಯೇ ನೂರ್ ಇನಾಯತ್ ಖಾನ್.

ನೂರ್ ಹುಟ್ಟಿದ್ದು 1914ರ ಜನವರಿಯಲ್ಲಿ, ಮಾಸ್ಕೋದಲ್ಲಿ. ತಂದೆ ಬರೋಡಾ ಮೂಲದ ಸಂಗೀತಗಾರ, ಸೂಫಿ ಗುರು ಇನಾಯತ್ ಖಾನ್. ತಾಯಿ ಅಮೆರಿಕದವರು. ಪ್ಯಾರಿಸ್ ಸಮೀಪ ಬೆಳೆದ ನೂರ್ ಸಂಗೀತ ಕಲಿತಳು, ಮಕ್ಕಳ ಮನಃಶಾಸ್ತ್ರ ಓದಿದಳು. ಜಾತಕ ಕಥೆಗಳನ್ನು ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಬರೆದಳು. ಆ ಪುಸ್ತಕ 1939ರಲ್ಲಿ ಪ್ರಕಟವಾಯಿತು. ಮರುವರ್ಷವೇ ಜರ್ಮನ್ ಸೇನೆ ಪ್ಯಾರಿಸ್‌ಗೆ ನುಗ್ಗಿತು. ಇಂಗ್ಲೆಂಡಿಗೆ ಪಾರಾದ ನೂರ್ ವಾಯುಪಡೆಯ ಮಹಿಳಾ ವಿಭಾಗ ಸೇರಿ ವೈರ್‌ಲೆಸ್ ಆಪರೇಟರ್ ಆದಳು. ಫ್ರೆಂಚ್ ಚೆನ್ನಾಗಿ ಬಲ್ಲ ಆಕೆಯನ್ನು 1943ರಲ್ಲಿ ಎಸ್‌ಒಇ ಎಂಬ ರಹಸ್ಯ ಸಂಸ್ಥೆ ಆರಿಸಿಕೊಂಡಿತು.

ಸಂಸ್ಥೆಯ ಕೆಲವು ತರಬೇತುದಾರರು ಆಕೆ ಈ ಕೆಲಸಕ್ಕೆ ಹೇಳಿಸಿದವಳಲ್ಲ ಎಂದು ವರದಿ ಬರೆದರು. ಆದರೂ ಜೂನ್ 16ರ ರಾತ್ರಿ ವಿಮಾನ ಆಕೆಯನ್ನು ಫ್ರಾನ್ಸ್‌ಗೆ ಹೊತ್ತೊಯ್ದಿತು. ಶತ್ರು ವಶದಲ್ಲಿದ್ದ ಫ್ರಾನ್ಸ್‌ಗೆ ಬ್ರಿಟನ್ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಆಕೆ.

ಗೂಢಲಿಪಿ ಸಂದೇಶದ ಅರ್ಥವನ್ನಷ್ಟೇ ಮುಚ್ಚಿಡುತ್ತದೆ, ಅದು ಹೊರಟ ಜಾಗವನ್ನಲ್ಲ. ರೇಡಿಯೊ ಅಲೆಯ ದಿಕ್ಕು ಹಿಡಿಯುವ ಜರ್ಮನ್ ವಾಹನಗಳು ಬೀದಿಬೀದಿ ಅಲೆಯುತ್ತಿದ್ದವು. ಆಪರೇಟರ್ ಆರು ವಾರ ಉಳಿದರೆ ಹೆಚ್ಚು ಎಂಬ ಲೆಕ್ಕವಿದ್ದ ಕಾಲವದು. ನೂರ್ ಬಂದ ಕೆಲವೇ ದಿನಗಳಲ್ಲಿ ಸಂಗಡಿಗರು ಸಾಲಾಗಿ ಬಂಧನವಾದರು. ವಾಪಸು ಬರಲು ಲಂಡನ್ ಅವಕಾಶ ಕೊಟ್ಟರೂ ಆಕೆ ಒಪ್ಪಲಿಲ್ಲ. ಪೆಟ್ಟಿಗೆಯೊಳಗಿನ ಟ್ರಾನ್ಸ್‌ಮಿಟರ್ ಹೊತ್ತು ಮನೆ ಬದಲಿಸುತ್ತ, ಹೆಚ್ಚುಕಡಿಮೆ ನಾಲ್ಕು ತಿಂಗಳು ಸಂದೇಶ ಕಳಿಸಿದಳು.

ಅಕ್ಟೋಬರ್‌ನಲ್ಲಿ ಯಾರದೋ ದ್ರೋಹದಿಂದ ಸಿಕ್ಕಿಬಿದ್ದಳು. ವಿಚಾರಣೆಯಲ್ಲಿ ಗುಟ್ಟು ಬಿಡಲಿಲ್ಲ. ಆದರೆ ಕಳಿಸಿದ ಸಂದೇಶಗಳನ್ನೆಲ್ಲ ಬರೆದಿಟ್ಟಿದ್ದ ನೋಟ್‌ಬುಕ್ ಜರ್ಮನ್ನರ ಕೈ ಸೇರಿತು. ಅದರ ನೆರವಿನಿಂದ ಅವರು ನೂರ್ ಹೆಸರಿನಲ್ಲೇ ಲಂಡನ್‌ನೊಂದಿಗೆ ಸಂಪರ್ಕ ಮುಂದುವರಿಸಿದರು. ಲಂಡನ್‌ಗೆ ಅದು ಬೇಗ ತಿಳಿಯಲಿಲ್ಲ. 1944ರಲ್ಲಿ ಪ್ಯಾರಾಚೂಟ್‌ನಲ್ಲಿ ಇಳಿದ ಹಲವು ಏಜೆಂಟರು ನೇರ ಶತ್ರುವಿನ ಕೈಗೇ ಬಿದ್ದರು.

ಎರಡು ಬಾರಿ ತಪ್ಪಿಸಿಕೊಳ್ಳಲು ಯತ್ನಿಸಿದ ನೂರ್‌ಳನ್ನು ಜರ್ಮನಿಯ ಜೈಲಿನಲ್ಲಿ ತಿಂಗಳುಗಟ್ಟಲೆ ಸರಪಳಿಯಲ್ಲಿ ಬಿಗಿದಿಟ್ಟರು. 1944ರ ಸೆಪ್ಟೆಂಬರ್ 13ರಂದು ಡಖಾವ್ ಶಿಬಿರದಲ್ಲಿ ಗುಂಡಿಕ್ಕಿ ಕೊಂದರು. ಆಗ ಆಕೆಗೆ 30 ವರ್ಷ. 1949ರಲ್ಲಿ ಬ್ರಿಟನ್ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ನೀಡಿತು.

ಗೆಳೆಯರೇ, ಸಂದರ್ಶನದಲ್ಲಿ ನಪಾಸಾದಾಗ ಆ ತರಬೇತುದಾರರ ವರದಿಯನ್ನು ನೆನೆಯೋಣ. ಆಕೆಯ ಧೈರ್ಯ ಅದರ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಹಾಗೆಂದು ನೋಟ್‌ಬುಕ್ಕನ್ನು ಮರೆಯುವಂತಿಲ್ಲ. ಸೈಬರ್ ಭದ್ರತೆಯ ಕೆಲಸಕ್ಕೆ ತಯಾರಾಗುವ ನಾವು ಎನ್‌ಕ್ರಿಪ್ಷನ್ನಿನ ಗಣಿತ ಓದುತ್ತೇವೆ. ಕೀಲಿಯನ್ನು ಎಲ್ಲಿಡಬೇಕು, ಏನನ್ನು ಅಳಿಸಬೇಕು, ಆ ಕಡೆ ಇರುವವರು ನಿಜಕ್ಕೂ ನಮ್ಮವರೇ ಎಂದು ಹೇಗೆ ಖಚಿತಪಡಿಸಿಕೊಳ್ಳಬೇಕು ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯಬೇಕು. 1944ರಲ್ಲಿ ಹಲವರ ಜೀವ ಹೋದದ್ದು ಅಲ್ಲೇ.

– ಬಿ.ಇ. ವಿದ್ಯಾರ್ಥಿ, ಅರಂತೋಡು